ಪೌಡರ್ ಡಬ್ಬಿ ಇಲ್ಲದೆ 56ರಿಂದ 66 ಕೆ.ಜಿ.: ದಾವಣಗೆರೆಯ ಒಬ್ಬ ಹುಡುಗನ ಒಂದು ವರ್ಷ

ಈ ಹುಡುಗ ನನ್ನ ಹತ್ತಿರ ತಾಲೀಮಿಗೆ ಬಂದಾಗ ವಯಸ್ಸು 22, ಎತ್ತರ 5 ಅಡಿ 8 ಇಂಚು, ತೂಕ 56 ಕೆ.ಜಿ. ದಾವಣಗೆರೆ ಪಿ.ಬಿ. ರಸ್ತೆಯ ಒಂದು ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಯಲ್ಲಿ ಕೆಲಸ. ತಿಂಗಳಿಗೆ 14 ಸಾವಿರ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗೆ ಕೊಡ್ತಾನೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ, ಅಮ್ಮ ಮನೆಯಲ್ಲೇ ಇರ್ತಾರೆ, ಕಾಲೇಜಿಗೆ ಹೋಗೋ ತಂಗಿ ಇದ್ದಾಳೆ. ತನ್ನ ಬಗ್ಗೆ ಬರೆಯೋಕೆ ಒಪ್ಪಿದ್ದಾನೆ, ಹೆಸರು ಮಾತ್ರ ಬೇಡ ಅಂದಿದ್ದಾನೆ.

ಅದಕ್ಕೂ ಮುಂಚೆ ಬೇರೊಂದು ಜಿಮ್‌ಗೆ ಎಂಟು ತಿಂಗಳು ತಪ್ಪದೆ ಹೋಗಿದ್ದ. ಸೋಮವಾರ ಎದೆ, ಮಂಗಳವಾರ ತೋಳು, ಬುಧವಾರ ಭುಜ, ಹೀಗೆ ವಾರ ಪೂರ್ತಿ. ಕಾಲಿಗೂ ಒಂದು ದಿನ ಇತ್ತು, ಅದು ಪ್ರತಿ ವಾರ ಮುಂದಕ್ಕೆ ಹೋಗ್ತಿತ್ತು. ಸ್ಕ್ವಾಟ್, ಅಂದ್ರೆ ಭಾರ ಹೆಗಲ ಮೇಲೆ ಹೊತ್ತು ಕೂತು ಏಳೋದು, ಒಂದು ಸಲವೂ ಮಾಡಿರಲಿಲ್ಲ. ಮಲಗಿ ಭಾರ ಮೇಲಕ್ಕೆ ತಳ್ಳೋ ಬೆಂಚ್ ಪ್ರೆಸ್‌ನಲ್ಲಿ ಮೂರನೇ ತಿಂಗಳಲ್ಲೂ 40 ಕೆ.ಜಿ., ಎಂಟನೇ ತಿಂಗಳಲ್ಲೂ 40 ಕೆ.ಜಿ. ಮೈ ತೂಕವೂ ಅಲ್ಲಾಡಿರಲಿಲ್ಲ. ಅಲ್ಲಿನ ಟ್ರೇನರ್ "ನಿನಗೆ ಡಬ್ಬಿ ಬೇಕು" ಅಂದರಂತೆ. ಸ್ನೇಹಿತನ ಹತ್ತಿರ ಸಾಲ ಮಾಡಿ ಮಾಸ್ ಗೇನರ್ ತಗೊಂಡ. ಹೊಟ್ಟೆ ಉಬ್ಬರ ಶುರುವಾಯ್ತು, ಬೆಳಗ್ಗೆ ಅಂಗಡಿಗೆ ಹೋಗೋ ಮುಂಚೆ ಎರಡು ಮೂರು ಸಲ ಬಾತ್‌ರೂಮಿಗೆ ಓಡಬೇಕು. ಡಬ್ಬಿ ಮುಗಿಯೋ ಹೊತ್ತಿಗೆ ಒಂದೂವರೆ ಕೆ.ಜಿ. ಬಂತು, ಡಬ್ಬಿ ನಿಂತ ಮೇಲೆ ಬಂದ ಹಾಗೇ ಹೋಯ್ತು. ನನ್ನ ಹತ್ತಿರ ಬಂದವನು ಮೊದಲು ಕೇಳಿದ್ದು, "ಅಣ್ಣ, ಈ ಸಲ ಯಾವ ಕಂಪನಿದು ತಗೊಳ್ಳಿ?"

ಮಾಸ್ ಗೇನರ್ ಅಂದ್ರೆ ಏನು ಅಂತ ಇಲ್ಲೇ ಹೇಳಿಬಿಡ್ತೀನಿ. ಅದರಲ್ಲಿ ಹೆಚ್ಚಿನ ಪಾಲು ಮಾಲ್ಟೋಡೆಕ್ಸ್‌ಟ್ರಿನ್, ಪಿಷ್ಟದಿಂದ ತಯಾರಿಸಿದ, ಬೇಗ ಜೀರ್ಣವಾಗೋ ಕಾರ್ಬೋಹೈಡ್ರೇಟ್. ಜೊತೆಗೆ ಒಂದಿಷ್ಟು ಹಾಲಿನ ಪ್ರೋಟೀನ್. ಅನ್ನ ತಿನ್ನೋ ಮನೆಯ ಹುಡುಗನಿಗೆ ಕಾರ್ಬೋಹೈಡ್ರೇಟ್ ದುಡ್ಡು ಕೊಟ್ಟು ತರೋ ವಸ್ತುವೇ ಅಲ್ಲ.

ಯಾವ ಕಂಪನಿ ಅಂತ ನಾನು ಹೇಳಲಿಲ್ಲ. ನಾಲ್ಕು ದಿನ ಬಾಯಿಗೆ ಹೋಗಿದ್ದೆಲ್ಲ ಬರೆದುಕೊಂಡು ಬಾ, ಅದರಲ್ಲಿ ಒಂದು ಭಾನುವಾರ ಇರಲಿ ಅಂದೆ. ಬಂದ ಪಟ್ಟಿ ಹೀಗಿತ್ತು: ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಚಹಾ. ಅಂಗಡಿ ಹತ್ತಿರ ಹತ್ತು ಗಂಟೆಗೆ ಇನ್ನೊಂದು ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಊಟದ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ತಿಳಿಸಾರು. ಸಂಜೆ ಮಂಡಕ್ಕಿ, ಎರಡು ಮಿರ್ಚಿ. ರಾತ್ರಿ ಅನ್ನ, ಸಾರು, ಮಜ್ಜಿಗೆ. ಭಾನುವಾರ ಬೆಣ್ಣೆ ದೋಸೆ, ಮಧ್ಯಾಹ್ನ ಕೋಳಿ ಸಾರು, ಅದರಲ್ಲಿ ಅವನ ಪಾಲಿಗೆ ಎರಡು ಮೂರು ತುಂಡು.

ಲೆಕ್ಕ ಹಾಕಿದರೆ ಭಾನುವಾರ ಬಿಟ್ಟು ಉಳಿದ ದಿನ ಹೆಚ್ಚುಕಡಿಮೆ 45 ಗ್ರಾಂ ಪ್ರೋಟೀನ್. ಅದರಲ್ಲಿ ದೊಡ್ಡ ಪಾಲು ರೊಟ್ಟಿ, ಅನ್ನದಿಂದ ಬಂದದ್ದು. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಇದೆ, ಅಕ್ಕಿಯಲ್ಲಿ ಏಳೆಂಟು. ಸಾರಿನಲ್ಲಿ ಬೇಳೆಯ ಬಣ್ಣ ಇತ್ತು, ಬೇಳೆ ಅಷ್ಟಾಗಿ ಇರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಹೇಳೋದು ಮೈ ತೂಕದ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ. 56 ಕೆ.ಜಿ. ಇರೋನಿಗೆ ಅದು 46 ಗ್ರಾಂ ಆಯ್ತು. ಅಂದ್ರೆ ಸುಮ್ನೆ ಓಡಾಡಿಕೊಂಡಿರೋಕೆ ಅವನ ಊಟ ಸಾಕಾಗ್ತಿತ್ತು. ಭಾರ ಎತ್ತಿ ಸ್ನಾಯು ಕಟ್ಟಬೇಕು ಅನ್ನೋನಿಗೆ ಸಾಲದು. 2018ರಲ್ಲಿ 49 ಅಧ್ಯಯನಗಳನ್ನು, 1863 ಜನರ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ದಿನದ ಒಟ್ಟು ಪ್ರೋಟೀನ್ ಕೆ.ಜಿ.ಗೆ 1.6 ಗ್ರಾಂ ಮುಟ್ಟಿದ ಮೇಲೆ ಇನ್ನೂ ಜಾಸ್ತಿ ತಿಂದರೆ ಸ್ನಾಯು ಬೆಳೆಯೋದರಲ್ಲಿ ಹೇಳಿಕೊಳ್ಳೋ ಲಾಭ ಕಾಣಲಿಲ್ಲ ಅಂತ ಅದು ಹೇಳುತ್ತೆ. ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಕಿ ಇದೆ, ನಮ್ಮ ಹುಡುಗರಿಗೆ ನಾನು ಮತ್ತೆ ಮತ್ತೆ ಹೇಳೋದು ಅದನ್ನೇ. ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರ ಬರೀ ತಾಲೀಮಿನಿಂದ ಸರಾಸರಿ 27 ಕೆ.ಜಿ. ಏರಿತ್ತು, ಹೆಚ್ಚುವರಿ ಪ್ರೋಟೀನ್ ಅದಕ್ಕೆ ಸೇರಿಸಿದ್ದು ಸುಮಾರು 2.5 ಕೆ.ಜಿ. ಎಲ್ಲಿ ಗಮನ ಕೊಡಬೇಕು ಅಂತ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ?

ಇವನಿಗೆ 1.6ರ ಲೆಕ್ಕದಲ್ಲಿ 90 ಗ್ರಾಂ ಬೇಕು. ಕೊರತೆ 45 ಗ್ರಾಂ. ಅದನ್ನು ಎಲ್ಲಿಂದ ತುಂಬೋದು ಅಂತ ಅವನ ಜೊತೆ ಮಾತಾಡಿ ಪ್ರಯೋಜನ ಇರಲಿಲ್ಲ, ಯಾಕೆಂದರೆ ಒಲೆ ಅವನ ಕೈಯಲ್ಲಿಲ್ಲ. ಮನೆಗೆ ಹೋದೆ. ಅವರ ಅಮ್ಮ ಮೊದಲೇ ಒಂದು ಮಾತು ಹೇಳಿದರು: "ಸರ್, ಇವನೊಬ್ಬನಿಗೆ ಬ್ಯಾರೆ ಅಡಿಗೆ ಮಾಡಾಕ ಆಗಂಗಿಲ್ಲ ನೋಡ್ರಿ. ಎಲ್ಲರೂ ಉಣ್ಣಂಗ ಏನರ ಇದ್ರ ಹೇಳ್ರಿ, ಮಾಡ್ತೀನಿ." ಈ ಇಡೀ ಪ್ರಕರಣದಲ್ಲಿ ಅತಿ ಉಪಯೋಗದ ಮಾತು ಅದು. ಡಯಟ್ ಚಾರ್ಟ್ ಅಂತ ಬರೆದುಕೊಡೋರು ಇದನ್ನು ಮರೀತಾರೆ. ಮನೆಯ ನಾಲ್ಕು ಜನರಿಗೂ ಹೊಂದದ ಊಟ ಎರಡು ವಾರ ನಡೆಯುತ್ತೆ, ಆಮೇಲೆ ನಿಲ್ಲುತ್ತೆ.

ಅಡುಗೆಮನೆಯಲ್ಲಿ ಕಾಳು ಅಳೆಯೋಕೆ ಅವರು ಬಳಸೋದು ಒಂದು ಚಿಕ್ಕ ಸ್ಟೀಲ್ ಲೋಟ, ಅಂಚು ಒಂದು ಕಡೆ ನೆಗ್ಗಿದೆ. ಅದರ ತುಂಬ ಹೆಸರುಕಾಳು ತಗೊಂಡು ಹೋಗಿ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆವು, 120 ಗ್ರಾಂ ಬಂತು. ಆವತ್ತಿನವರೆಗೆ ನಾಲ್ಕು ಜನಕ್ಕೆ ಒಂದೇ ಲೋಟ ಕಾಳು ನೆನೆಯುತ್ತಿತ್ತು, ಅದೂ ವಾರಕ್ಕೆ ಎರಡೋ ಮೂರೋ ದಿನ. ಅದನ್ನು ದಿನಕ್ಕೆ ಎರಡು ಲೋಟ ಮಾಡಿದೆವು. ಅಂದ್ರೆ ತಲೆಗೆ 60 ಗ್ರಾಂ ಒಣಕಾಳು. ಹೆಸರುಕಾಳು ಒಂದು ದಿನ, ಮಡಿಕೆಕಾಳು ಒಂದು ದಿನ, ಹುರುಳಿ, ಅಲಸಂದೆ, ಕಡಲೆ, ಹೀಗೆ ಸರದಿಯಲ್ಲಿ. ಯಾವುದೇ ಆದರೂ 100 ಗ್ರಾಂಗೆ 20 ಗ್ರಾಂ ಆಸುಪಾಸು ಅಥವಾ ಸ್ವಲ್ಪ ಮೇಲೆ ಪ್ರೋಟೀನ್ ಇರುತ್ತೆ. ರೊಟ್ಟಿ ಜೊತೆ ಕಾಳು ಪಲ್ಯ ನಮ್ಮ ಕಡೆ ಹೊಸದಲ್ಲ. ಪ್ರೋಟೀನ್ ಆಗೋದು ಅಮೈನೋ ಆಮ್ಲಗಳಿಂದ. ಜೋಳದಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. ಕಾಳಿನಲ್ಲಿ ಕಡಿಮೆ ಇರೋ ಮೆಥಿಯೊನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಧಾನ್ಯದಿಂದ ಸಿಗುತ್ತೆ. ಎರಡೂ ಸೇರಿದರೆ ಊಟ ಗಟ್ಟಿ.

ಉಳಿದದ್ದು ಸುಲಭ. ಬೆಳಗ್ಗೆ ನೆನೆಸಿದ ಶೇಂಗಾ ಒಂದು ಹಿಡಿ, ಒಣಗಿದ್ದಾಗ ತೂಗಿದರೆ 40 ಗ್ರಾಂ, ಅದರಿಂದ 10 ಗ್ರಾಂ ಪ್ರೋಟೀನ್. ಮೂರು ಮೊಟ್ಟೆ, ಒಂದಕ್ಕೆ 6 ಗ್ರಾಂ ಹಿಡಿದರೆ 18. ಅರ್ಧ ಲೀಟರ್ ಹಾಲು, 16 ಗ್ರಾಂ, ಬೆಳಗ್ಗೆ ಅರ್ಧ ರಾತ್ರಿ ಅರ್ಧ. ಕಾಳಿನಿಂದ 13-14. ಒಟ್ಟು 58ರ ಹತ್ತಿರ. ಸಂಜೆ ಎರಡು ಮಿರ್ಚಿ ಬದಲು ಮಂಡಕ್ಕಿಗೆ ಹುರಿಗಡಲೆ, ಈರುಳ್ಳಿ ಹಾಕಿಕೊಂಡು ತಿನ್ನು ಅಂದೆ. ಬೆಣ್ಣೆ ದೋಸೆ ಬಿಡು ಅಂತ ಹೇಳಲೇ ಇಲ್ಲ. ದಾವಣಗೆರೆಯಲ್ಲಿ ಇದ್ದುಕೊಂಡು ತೂಕ ಏರಿಸಬೇಕಾದ ಹುಡುಗನಿಗೆ ಭಾನುವಾರದ ಬೆಣ್ಣೆ ದೋಸೆ ಯಾಕೆ ಬಿಡಿಸಬೇಕು? ಪ್ರೋಟೀನ್ ಇಲ್ಲದಿದ್ದರೂ ಕ್ಯಾಲೊರಿ ಬೇಕಾದಷ್ಟಿದೆ, ಅವನಿಗೆ ಅದೂ ಬೇಕಿತ್ತು.

ಈಗ ದುಡ್ಡಿನ ಮಾತು. ಅದೇ 45 ಗ್ರಾಂ ಕೊರತೆಯನ್ನು ಹಾಲಿನಿಂದ ತೆಗೆಯೋ ವೇ ಪ್ರೋಟೀನ್ ಪೌಡರ್‌ನಿಂದ ತುಂಬಬೇಕಾದರೆ ದಿನಕ್ಕೆ ಎರಡು ಸ್ಕೂಪ್, ಅಂದ್ರೆ ಡಬ್ಬಿಯಲ್ಲೇ ಬರೋ ಅಳತೆ ಚಮಚದಲ್ಲಿ ಎರಡು. ಎರಡು ಕೆ.ಜಿ. ಡಬ್ಬಿ ಒಂದು ತಿಂಗಳಿಗೆ ಖಾಲಿ, ಬೆಲೆ ಆಗ ಐದಾರು ಸಾವಿರ. ನಾವು ಮಾಡಿದ್ದು ದಿನಕ್ಕೆ ಐವತ್ತೈದು ಅರವತ್ತು ರೂಪಾಯಿ ಒಳಗೆ ಬಂತು: ಮೊಟ್ಟೆಗೆ 20, ಹಾಲಿಗೆ 24, ಶೇಂಗಾ ಮತ್ತು ಕಾಳಿಗೆ ಹನ್ನೆರಡೋ ಹದಿನೈದೋ. ತಿಂಗಳಿಗೆ 1700-1800. ಇದೂ ಅವನ ಸಂಬಳಕ್ಕೆ ಸಣ್ಣ ಮೊತ್ತ ಅಲ್ಲ, ಆದರೆ ಇದರಲ್ಲಿ ಪ್ರೋಟೀನ್ ಜೊತೆಗೆ 900 ಕ್ಯಾಲೊರಿ, ಕ್ಯಾಲ್ಶಿಯಂ, ಬಿ12, ನಾರು ಎಲ್ಲ ಬರುತ್ತೆ. ಎರಡು ಸ್ಕೂಪ್‌ನಲ್ಲಿ ಕ್ಯಾಲೊರಿ ಇರೋದು 250ರ ಆಸುಪಾಸು.

ಊಟ ಅರ್ಧ ಆಯ್ತು, ಇನ್ನು ಬೆವರು.

ವಾರಕ್ಕೆ ಮೂರೇ ದಿನ, ಸೋಮ, ಬುಧ, ಶುಕ್ರ, ಬೆಳಗ್ಗೆ ಆರಕ್ಕೆ. ಒಂದು ದಿನ ಸ್ಕ್ವಾಟ್, ಬೆಂಚ್ ಪ್ರೆಸ್, ಬಾರ್ಬೆಲ್ ರೋ (ಬಗ್ಗಿ ನಿಂತು ಬಾರನ್ನು ಹೊಟ್ಟೆ ಕಡೆ ಎಳೆಯೋದು). ಇನ್ನೊಂದು ದಿನ ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ (ನಿಂತು ಭಾರ ತಲೆ ಮೇಲಕ್ಕೆ ತಳ್ಳೋದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲೋದು). ಬಿಡದೆ ಐದು ಸಲ ಎತ್ತಿದರೆ, ಅಂದ್ರೆ ಐದು ರೆಪ್ ಮಾಡಿದರೆ, ಒಂದು ಸೆಟ್. ಅಂಥ ಮೂರು ಸೆಟ್, ಡೆಡ್‌ಲಿಫ್ಟ್ ಮಾತ್ರ ಒಂದೇ ಸೆಟ್. ಪ್ರತಿ ಸಲ 2.5 ಕೆ.ಜಿ. ಏರಿಸೋದು, ಡೆಡ್‌ಲಿಫ್ಟ್‌ಗೆ ಮೊದಮೊದಲು 5. ಇಷ್ಟೇ. ವಾರಕ್ಕೆ ಆರು ದಿನ ಮಾಡ್ತಿದ್ದವನಿಗೆ ಇದು ಕಡಿಮೆ ಅನ್ನಿಸಿತು, ಒಂದು ತಿಂಗಳು ಸುಮ್ನೆ ಮಾಡು ಅಂದೆ.

ಸ್ಕ್ವಾಟ್ ಶುರು ಮಾಡಿದ್ದು ಖಾಲಿ ಬಾರ್‌ನಿಂದ, 20 ಕೆ.ಜಿ. ಇಲ್ಲಿ ಅವನಿಗೊಂದು ಅನುಕೂಲ ಇತ್ತು. ಚಿಕ್ಕಂದಿನಿಂದ ಕುಕ್ಕರಗಾಲಲ್ಲಿ ಕೂತು ಅಭ್ಯಾಸ, ಅಂಗಡಿಯಲ್ಲೂ ಬೇರಿಂಗ್, ಬೋಲ್ಟ್ ಹುಡುಕೋವಾಗ ಹಾಗೇ ಕೂರ್ತಾನೆ. ಹಾಗಾಗಿ ಹಿಮ್ಮಡಿ ಏಳದೆ ಪೂರ್ತಿ ಕೆಳಗೆ ಇಳಿಯೋದು ಮೊದಲ ದಿನವೇ ಬಂತು. ಬರದೇ ಇದ್ದದ್ದು ಹೊಟ್ಟೆ ಬಿಗಿ ಹಿಡಿಯೋದು. ಉಸಿರನ್ನು ಎದೆಗೆ ತಗೊಂಡು ಭುಜ ಏರಿಸ್ತಿದ್ದ. ಸೊಂಟಕ್ಕೆ ಒಂದು ಹಳೇ ಟವಲ್ ಬಿಗಿಯಾಗಿ ಕಟ್ಟಿ, ಉಸಿರು ತಗೊಂಡಾಗ ಟವಲ್ ಸುತ್ತಲೂ ಬಿಗಿಯಬೇಕು, ಮುಂದೆ ಮಾತ್ರ ಅಲ್ಲ ಅಂತ ತೋರಿಸಿದೆ. ಎರಡು ವಾರದಲ್ಲಿ ಹಿಡಿತ ಸಿಕ್ಕಿತು.

ಮೊದಲ ತಿಂಗಳಲ್ಲಿ ಭಾರ ಬೇಗ ಬೇಗ ಏರುತ್ತೆ. ಅದು ಸ್ನಾಯು ದಪ್ಪ ಆಗಿದ್ದಕ್ಕಲ್ಲ, ಇರೋ ಸ್ನಾಯುವನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚೋದನ್ನು ನರಮಂಡಲ ಕಲಿಯೋದರಿಂದ. ಗಾತ್ರ ನಿಧಾನಕ್ಕೆ ಬರುತ್ತೆ. ಇದನ್ನು ಹುಡುಗರಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಎರಡನೇ ತಿಂಗಳು ಕನ್ನಡಿ ಮುಂದೆ ನಿಂತು ಏನೂ ಆಗಿಲ್ಲ ಅಂತ ಮತ್ತೆ ಡಬ್ಬಿ ಕಡೆ ನೋಡ್ತಾರೆ. ಇವನ ಕೈಯಲ್ಲಿ ನೋಟ್‌ಬುಕ್ ಇತ್ತು. ತಾರೀಖು, ಭಾರ, ರೆಪ್, ರಾತ್ರಿ ನಿದ್ದೆ ಎಷ್ಟು ಗಂಟೆ, ಬೇರೆ ಏನೂ ಬರೆಯೋದು ಬೇಡ ಅಂದಿದ್ದೆ.

ದೀಪಾವಳಿ ಮುಗಿದ ಮೇಲೆ ಶುರು ಮಾಡಿದ್ದು, ಫೆಬ್ರವರಿ ಹೊತ್ತಿಗೆ ಸ್ಕ್ವಾಟ್ 80, ಡೆಡ್‌ಲಿಫ್ಟ್ 105, ಬೆಂಚ್ 55, ಓವರ್‌ಹೆಡ್ ಪ್ರೆಸ್ 35. ಎಲ್ಲವೂ ಐದೈದು ರೆಪ್. ಮೈ ತೂಕ 61. ಎಂಟನೇ ತಿಂಗಳಲ್ಲೂ 40ರಲ್ಲೇ ನಿಂತಿದ್ದ ಬೆಂಚ್ ಮೂರು ತಿಂಗಳಲ್ಲಿ 55ಕ್ಕೆ ಬಂದಿದ್ದು ಅವನಿಗೇ ನಂಬೋಕೆ ಕಷ್ಟ ಆಗಿತ್ತು.

ಆಮೇಲೆ ಬೆಂಚ್ ನಿಂತಿತು. 57.5 ಇಟ್ಟರೆ ಐದು ಬರಲ್ಲ, ನಾಲ್ಕಕ್ಕೆ ಬಾರ್ ಅರ್ಧದಲ್ಲೇ ನಿಲ್ಲುತ್ತೆ. ಮೂರು ವಾರ ಹೀಗೇ. ಓವರ್‌ಹೆಡ್ ಪ್ರೆಸ್ ಕೂಡ ಅಲುಗಾಡಲಿಲ್ಲ. "ಅಣ್ಣ, ಈಗಲಾದ್ರೂ ಪೌಡರ್ ಬೇಕಾಗುತ್ತೇನೋ" ಅಂದ. ನೋಟ್‌ಬುಕ್ ತೆಗೆದು ನಿದ್ದೆಯ ಸಾಲು ನೋಡಿದೆವು. ಮೊದಲ ಎರಡು ತಿಂಗಳು 7, 7, 8, 7. ಆಮೇಲೆ 5, 5, 6, 4. ರಾತ್ರಿ ಒಂದರ ತನಕ ಮೊಬೈಲ್‌ನಲ್ಲಿ ಕ್ರಿಕೆಟ್, ಬೆಳಗ್ಗೆ ಐದೂವರೆಗೆ ಏಳೋದು. ಸ್ನಾಯು ಕಟ್ಟೋ ಕೆಲಸ ನಡೆಯೋದು ವಿಶ್ರಾಂತಿಯಲ್ಲಿ, ಅದನ್ನೇ ಅರ್ಧ ಕಡಿದ ಮೇಲೆ ಊಟ ತಾನೇ ಏನು ಮಾಡುತ್ತೆ? ಹತ್ತೂವರೆಗೆ ಮೊಬೈಲ್ ಅಮ್ಮನ ಕೈಗೆ ಕೊಡೋದು ಅಂತ ಆಯ್ತು.

ಇನ್ನೊಂದು ಕಾರಣ ಶುದ್ಧ ಗಣಿತ. 57.5ಕ್ಕೆ 2.5 ಏರಿಸೋದು ಅಂದ್ರೆ ಶೇಕಡ ನಾಲ್ಕಕ್ಕಿಂತ ಜಾಸ್ತಿ. ಸ್ಕ್ವಾಟ್‌ನಲ್ಲಿ 80ಕ್ಕೆ 2.5 ಅಂದ್ರೆ ಶೇಕಡ ಮೂರು, ಅದೂ ದೊಡ್ಡ ದೊಡ್ಡ ಸ್ನಾಯುಗಳ ಮೇಲೆ. ಮೈಯ ಮೇಲ್ಭಾಗದ ವ್ಯಾಯಾಮಕ್ಕೆ ಸಣ್ಣ ಪ್ಲೇಟ್ ಬೇಕು. ನಮ್ಮಲ್ಲಿ ಇದ್ದ ಅತಿ ಚಿಕ್ಕ ಪ್ಲೇಟ್ 1.25 ಕೆ.ಜಿ. ಇದಕ್ಕೆ ದಾರಿ ಹುಡುಕಿದ್ದು ಅವನೇ. ಅಂಗಡಿಯಿಂದ ಟ್ರ್ಯಾಕ್ಟರ್‌ನ ದಪ್ಪ ಕಬ್ಬಿಣದ ವಾಷರ್ ತಂದ, ಅಳತೆ ಒಂದೇ ಇರೋದು, ನಡುವಿನ ತೂತು ಬಾರ್‌ನ ತುದಿಗೆ ಹೋಗದಷ್ಟು ಚಿಕ್ಕದು. ಅವನ್ನು ತಂತಿಯಲ್ಲಿ ಪೋಣಿಸಿ, ಅದೇ ಕಿರಾಣಿ ತಕ್ಕಡಿಯಲ್ಲಿ ತೂಗಿ, ಸರಿಯಾಗಿ 500 ಗ್ರಾಂನ ಎರಡು ಗೊಂಚಲು ಮಾಡಿದ. ತಂತಿಯ ಕೊನೆಗೆ ಸೈಕಲ್ ಟ್ಯೂಬ್ ಸುತ್ತಿದ್ದ, ಬಾರ್ ಮೇಲೆ ಜಾರಬಾರದು ಅಂತ. ಎರಡೂ ಕಡೆ ಒಂದೊಂದು ನೇತುಹಾಕಿ ಕ್ಲಿಪ್ ಹಾಕಿದರೆ ಬರೋಬ್ಬರಿ ಒಂದು ಕೆ.ಜಿ. ಈಗ ನಮ್ಮಲ್ಲಿ ಹತ್ತು ಹುಡುಗರು ಅದನ್ನೇ ಬಳಸ್ತಾರೆ. ನಿದ್ದೆ ಸರಿಹೋದ ಎರಡನೇ ವಾರ 57.5ಕ್ಕೆ ಐದು ಬಂತು, ಅಲ್ಲಿಂದ ವಾರಕ್ಕೊಂದು ಕೆ.ಜಿ. ಏರುತ್ತಾ ಹೋಯ್ತು.

ಬೇಸಿಗೆ ಬಗ್ಗೆ ಹೆಚ್ಚು ಹೇಳೋದಿಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲು ಗೊತ್ತಲ್ಲ, ಹಸಿವೇ ಆಗಲ್ಲ. ಒಂದೂವರೆ ತಿಂಗಳು ತೂಕ ನಿಂತಿತ್ತು. ಮಜ್ಜಿಗೆಗೆ ಉಪ್ಪು, ರಾಗಿ ಅಂಬಲಿ, ಬೆಳಗ್ಗೆ ಅರ್ಧ ಗಂಟೆ ಮುಂಚೆ ಶುರು ಮಾಡೋದು, ಇಷ್ಟರಲ್ಲಿ ದಾಟಿತು.

ನಿಜವಾದ ಪರೀಕ್ಷೆ ಶ್ರಾವಣ. ಅವರ ಮನೆಯಲ್ಲಿ ಶ್ರಾವಣ ಪೂರ್ತಿ ಮೊಟ್ಟೆ, ಮಾಂಸ ಒಳಗೆ ಬರೋ ಹಾಗಿಲ್ಲ. ಹೊರಗೆ ತಿನ್ನು ಅಂತ ಕೆಲವರು ಹೇಳಿದರು, ಅವನಿಗೆ ಅದು ಇಷ್ಟ ಇರಲಿಲ್ಲ, ನನಗೂ ಅದು ಸರಿ ಅನ್ನಿಸಲಿಲ್ಲ. ಮನೆಯ ನೇಮವನ್ನು ಮುರಿದು ಬೆಳೆಸೋ ಸ್ನಾಯು ಬೇಕಾಗಿಲ್ಲ. ಮೊಟ್ಟೆಯ 18 ಗ್ರಾಂ ಜಾಗಕ್ಕೆ ಸೋಯಾ ಚಂಕ್ಸ್ ತಂದೆವು. ಒಣಗಿದ್ದರಲ್ಲಿ 100 ಗ್ರಾಂಗೆ 50ರ ಮೇಲೆ ಪ್ರೋಟೀನ್, ಅಂದ್ರೆ 40 ಗ್ರಾಂ ಚಂಕ್ಸ್‌ಗೆ 20. ಮೊದಲ ದಿನ ಸಾರಿಗೆ ಹಾಗೇ ಹಾಕಿದ್ದಕ್ಕೆ ತಂಗಿ ತಟ್ಟೆ ಬದಿಗೆ ಸರಿಸಿದಳಂತೆ. ಆಮೇಲೆ ಅಮ್ಮನೇ ವಿಧಾನ ಹುಡುಕಿದರು: ಬಿಸಿನೀರಲ್ಲಿ ನೆನೆಸಿ, ಎರಡು ಸಲ ಚೆನ್ನಾಗಿ ಹಿಂಡಿ ವಾಸನೆ ನೀರು ತೆಗೆದು, ಸಣ್ಣಗೆ ಹೆಚ್ಚಿ, ಈರುಳ್ಳಿ ಜೊತೆ ಹುರಿದು, ಗುರೆಳ್ಳು ಪುಡಿ ಉದುರಿಸಿ ಒಣ ಪಲ್ಯ. ರೊಟ್ಟಿಗೆ ಒಳ್ಳೇ ಜೋಡಿ. ಶ್ರಾವಣದ ಆರಂಭದಲ್ಲಿ ಸ್ಕ್ವಾಟ್ 100 ಇತ್ತು, ಮುಗಿಯೋ ಹೊತ್ತಿಗೆ 105.

ಮತ್ತೆ ದೀಪಾವಳಿ ಬಂದಾಗ ಲೆಕ್ಕ ತೆಗೆದೆವು. ಮೈ ತೂಕ 66. ಸ್ಕ್ವಾಟ್ 110ಕ್ಕೆ ಐದು, ಬೆಂಚ್ 70ಕ್ಕೆ ಐದು, ಓವರ್‌ಹೆಡ್ ಪ್ರೆಸ್ 45ಕ್ಕೆ ಐದು, ಡೆಡ್‌ಲಿಫ್ಟ್ 140ಕ್ಕೆ ಮೂರು. ಸೊಂಟ ಎರಡು ಇಂಚು ಜಾಸ್ತಿ ಆಗಿದೆ, ಅಂದ್ರೆ ಬಂದ ಹತ್ತು ಕೆ.ಜಿ. ಪೂರ್ತಿ ಸ್ನಾಯು ಅಲ್ಲ. ಕೊಬ್ಬು, ನೀರು ಎಲ್ಲ ಸೇರಿದೆ. ವರ್ಷಕ್ಕೆ ಹತ್ತು ಕೆ.ಜಿ. ಶುದ್ಧ ಸ್ನಾಯು ಅಂತ ಯಾರಾದರೂ ಫೋಟೋ ತೋರಿಸಿದರೆ ನಂಬಬೇಡಿ. ಅಂಥ ಫೋಟೋಗಳ ಹಿಂದೆ ಬಹಳ ಸಲ ಸ್ಟೆರಾಯ್ಡ್ ಇರುತ್ತೆ, ಅದನ್ನು ಪ್ರೋಟೀನ್ ಪೌಡರ್ ಹೆಸರಿನಲ್ಲಿ ನಮ್ಮ ಹುಡುಗರಿಗೆ ತೋರಿಸ್ತಾರೆ. ಇದು ನನಗೆ ತುಂಬಾ ಸಂಕಟದ ವಿಷಯ.

ಪೌಡರ್ ವಿಷ ಅಂತ ನಾನು ಹೇಳಲ್ಲ. ಹಾಲಿನಿಂದ ಚೀಸ್ ಮಾಡಿದಾಗ ಉಳಿಯೋ ನೀರನ್ನು ಸೋಸಿ ಒಣಗಿಸಿದರೆ ವೇ ಪ್ರೋಟೀನ್ ಸಿಗುತ್ತೆ, ಅದೂ ಆಹಾರವೇ. ರೂಮ್ ಮಾಡಿಕೊಂಡು ಒಲೆ ಇಲ್ಲದೆ ಇರೋನಿಗೆ ಉಪಯೋಗಕ್ಕೆ ಬರಬಹುದು. ಕ್ರಿಯೇಟಿನ್ ಅನ್ನೋ ಇನ್ನೊಂದು ಪುಡಿ ಬಲ ಏರಿಸೋದರಲ್ಲಿ ಸ್ವಲ್ಪ ಸಹಾಯ ಮಾಡುತ್ತೆ ಅನ್ನೋದಕ್ಕೆ ಬೇಕಾದಷ್ಟು ಪುರಾವೆ ಇದೆ, ನಾವು ಬಳಸಲಿಲ್ಲ ಅಷ್ಟೇ. ನನ್ನ ತಕರಾರು ಎರಡು. ಒಂದು, ಡಬ್ಬಿ ಮೇಲೆ ಬರೆದದ್ದು ಒಳಗೆ ಇರುತ್ತೆ ಅನ್ನೋ ಭರವಸೆ ಇಲ್ಲ. 2024ರಲ್ಲಿ ಭಾರತದಲ್ಲಿ ಮಾರಾಟ ಆಗೋ 36 ಪ್ರೋಟೀನ್ ಪೌಡರ್‌ಗಳನ್ನು ಪರೀಕ್ಷೆ ಮಾಡಿದ ಅಧ್ಯಯನ ಬಂತು. ಸುಮಾರು ಶೇಕಡ 70ರಲ್ಲಿ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು, ಕೆಲವದರಲ್ಲಿ ಬರೆದದ್ದರ ಅರ್ಧ ಮಾತ್ರ ಇತ್ತು, ಶೇಕಡ 14ರಲ್ಲಿ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್ ಸಿಕ್ಕಿತ್ತು. ಅದೇ ವರ್ಷ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹೊಸ ಮಾರ್ಗಸೂಚಿಯೂ ಮೈ ಬೆಳೆಸೋಕೆ ಪ್ರೋಟೀನ್ ಪೌಡರ್ ಬೇಡ ಅಂತಲೇ ಹೇಳಿತು. ಎರಡನೇ ತಕರಾರು, 14 ಸಾವಿರ ದುಡಿಯೋ ಹುಡುಗ ಸಾಲ ಮಾಡಿ ಡಬ್ಬಿ ತರೋ ಹಾಗೆ ಅವನ ತಲೆ ತುಂಬೋದು.

ಅಫ್ಲಾಟಾಕ್ಸಿನ್ ಶೇಂಗಾದಲ್ಲೂ ಬರುತ್ತೆ, ಹಾಗಾಗಿ ಬೂಸ್ಟು ಹಿಡಿದ, ಕಪ್ಪಾದ, ಕಹಿ ಇರೋ ಕಾಳು ಆರಿಸಿ ಎಸೀರಿ. ಮೂತ್ರಪಿಂಡದ ತೊಂದರೆ ಇರೋರು ಈ ಪ್ರಮಾಣದ ಪ್ರೋಟೀನ್ ಶುರು ಮಾಡೋ ಮುಂಚೆ ಡಾಕ್ಟರ್ ಹತ್ತಿರ ಕೇಳಲೇಬೇಕು. ಇವನು 22ರ ಆರೋಗ್ಯವಂತ, ಸರಿಯಾದ ತಾಲೀಮಿಗೆ ಹೊಸಬ. ಹೊಸಬರಿಗೆ ಮೊದಲ ವರ್ಷ ಬೇಗ ಬರುತ್ತೆ. ಹತ್ತು ವರ್ಷದಿಂದ ಎತ್ತುತ್ತಿರೋರಿಗೆ ಇದೇ ವೇಗ ಬರಲ್ಲ.

ನಮ್ಮ ಊರಿಗೆ ಈ ದಾರಿ ಹೊಸದೂ ಅಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವರು ನಾವು. ಗರಡಿಯಲ್ಲಿ ದಂಡ, ಬಸ್ಕಿ ಹೊಡೆದು, ಹಾಲು, ತುಪ್ಪ, ಅರೆದ ಬಾದಾಮಿ ತಿಂದು ಪೈಲ್ವಾನರು ತಯಾರಾಗ್ತಿದ್ದರು. ನಾವು ಬಾದಾಮಿ ಜಾಗಕ್ಕೆ ಶೇಂಗಾ ಇಟ್ಟೆವು, ಗ್ರಾಂ ಲೆಕ್ಕ ಸೇರಿಸಿದೆವು.

ಈಗ ಹುಡುಗನಿಗೆ ಪವರ್‌ಲಿಫ್ಟಿಂಗ್, ಅಂದ್ರೆ ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್ ಮೂರರ ಸ್ಪರ್ಧೆಗೆ ಇಳಿಯೋ ಆಸೆ. ಅಂತರರಾಷ್ಟ್ರೀಯ ನಿಯಮದಲ್ಲಿ ಗಂಡಸರಿಗೆ 59, 66, 74 ಹೀಗೆ ತೂಕದ ವರ್ಗಗಳಿವೆ, ಅವನು ಸರಿಯಾಗಿ 66ರ ಅಂಚಲ್ಲಿ ಇದ್ದಾನೆ. ಸ್ಪರ್ಧೆಗೆ ಇಳಿದರೆ ಡೋಪಿಂಗ್ ನಿಯಮ ಬರುತ್ತೆ, ಮೈಯಲ್ಲಿ ಏನು ಸಿಕ್ಕರೂ ಹೊಣೆ ಆಟಗಾರನದ್ದೇ. ಕಲಬೆರಕೆ ಡಬ್ಬಿಯಿಂದ ಬಂತು ಅಂದರೂ ಆ ಹೊಣೆ ತಪ್ಪಲ್ಲ. ಮೊದಲ ಸ್ಪರ್ಧೆಗೆ 66ರಲ್ಲೇ ನಿಲ್ಲಲಿ ಅಂತ ನಾನು, 74ಕ್ಕೆ ಹೋಗ್ತೀನಿ ಅಂತ ಅವನು. ಕೊನೆಗೆ ಹೀಗೆ ಒಪ್ಪಿಕೊಂಡೆವು: ಮೊದಲ ಸ್ಪರ್ಧೆ ಮುಗಿಯೋ ತನಕ ಊಟ ಇದ್ದ ಹಾಗೇ ಇರಲಿ, ಸ್ಕ್ವಾಟ್ ವಾರಕ್ಕೆ ಎರಡು ದಿನ, ಅದರಲ್ಲಿ ಒಂದು ದಿನ ಹಗುರ, ಡೆಡ್‌ಲಿಫ್ಟ್‌ಗೆ ಹತ್ತು ದಿನಕ್ಕೊಮ್ಮೆ ಭಾರ. ಆಮೇಲೆ ದಿನಕ್ಕೆ ಇನ್ನೊಂದು ರೊಟ್ಟಿ, ಇನ್ನೊಂದು ಲೋಟ ಹಾಲು ಸೇರಿಸಿ ತಿಂಗಳಿಗೆ ಒಂದು ಕೆ.ಜಿ. ಮೀರದ ಹಾಗೆ ಮೇಲೆ ಹೋಗೋದು.